ಯೂನಿವರ್ಸಲ್ ಕ್ರೆಡಿಟ್‌ನಿಂದ ಬಾಡಿಗೆ ದುಡ್ಡನ್ನು ಬೇರೆ ಮಾಡಿದ ನನ್ನ ಅನುಭವ

ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ, ಅಂದರೆ ಜೀವನ ವೆಚ್ಚ, ಮಗು, ಬಾಡಿಗೆ ಎಲ್ಲದಕ್ಕೂ ಸೇರಿಸಿ ಒಂದೇ ಮೊತ್ತವಾಗಿ ಬರುವ ಸರ್ಕಾರಿ ನೆರವಿನಲ್ಲಿ, ಬಾಡಿಗೆ ನೆರವು ಎಷ್ಟು ಅಂತ ಬಿಡಿಸಿ ಹೇಳಲು ಆಗೋದೇ ಇಲ್ಲ ಅಂತ ನಮ್ಮ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು. ಆಗುತ್ತದೆ. 2024ರ ಏಪ್ರಿಲ್‌ನಲ್ಲಿ ಎಲ್‌ಎಚ್‌ಎ ದರ (ಖಾಸಗಿ ಬಾಡಿಗೆ ಮನೆಯವರಿಗೆ ಕೊಡುವ ಬಾಡಿಗೆ ನೆರವಿನ ಮಿತಿ) ಏರುವ ಮೊದಲೇ, ನಮ್ಮ ಕೌನ್ಸಿಲ್ (ಸ್ಥಳೀಯ ಆಡಳಿತ) ವ್ಯಾಪ್ತಿಯಲ್ಲಿ ಖರ್ಚು ಎಷ್ಟು ಹೆಚ್ಚಬಹುದು ಅಂತ ಬರೆದು ಕೊಟ್ಟಿದ್ದೆ. ಆಮೇಲೆ ನಿಜವಾದ ಅಂಕಿ ಬಂದಾಗ ವ್ಯತ್ಯಾಸ ನೂರಕ್ಕೆ ಮೂರೋ ನಾಲ್ಕೋ ಇತ್ತು. ಅವತ್ತು ನಕ್ಕವರೇ ಈಗ ನನ್ನ ಶೀಟ್ ಕೇಳುತ್ತಾರೆ.

ಪಿಂಚಣಿ ವಯಸ್ಸಿನವರಿಗೆ, ತಾತ್ಕಾಲಿಕ ವಸತಿಯಲ್ಲಿರುವವರಿಗೆ ಬಾಡಿಗೆಗೆಂದೇ ಇರುವ ಹಳೇ ಹೌಸಿಂಗ್ ಬೆನಿಫಿಟ್ ಇನ್ನೂ ಬೇರೆಯಾಗಿಯೇ ಬರುತ್ತದೆ. ಅದನ್ನು ಸುಮ್ನೆ ಕೂಡಿಸಿಕೊಂಡರೆ ಆಯಿತು. ಗೋಜಲು ಇರೋದು ದುಡಿಯುವವರ ಮನೆಗಳಲ್ಲಿ.

ಒಬ್ಬರೇ ಪೋಷಕರು, ಒಂದು ಮಗು ಇರುವ ಮನೆ ತಗೊಳ್ಳಿ. ಮೂಲ ಮೊತ್ತ, ಮಗುವಿನದ್ದು ಸೇರಿ ತಿಂಗಳಿಗೆ 700 ಪೌಂಡ್, ಬಾಡಿಗೆಗೆ 600. ಕೈಗೆ ಬರುವ ಸಂಬಳ ಸುಮಾರು 1,590. 2024-25ರ ದರದಲ್ಲಿ ಸಂಬಳದ 404 ಪೌಂಡ್ ಬಿಟ್ಟು ಉಳಿದದ್ದರ ಶೇ 55ರಷ್ಟು ನೆರವಿನಲ್ಲಿ ಕಡಿತ. ಕೊನೆಗೆ ಸಿಗೋದು 650ರ ಹತ್ತಿರ. ಇದರಲ್ಲಿ ಬಾಡಿಗೆ ಎಷ್ಟು? ಕಡಿತವನ್ನು ಮೊದಲು ಬಾಡಿಗೆಯಲ್ಲೇ ಮುರಿದರೆ ಸೊನ್ನೆ. ಮೊದಲು 700ರಲ್ಲಿ ಮುರಿದರೆ ಪೂರ್ತಿ 600. ಪಾಲಿನ ಪ್ರಕಾರ ಹಂಚಿದರೆ 300. ಮೂರನ್ನೂ ಮಾಡಿ ನೋಡಿದೆ, ಒಂದೂ ದಡ ಸೇರಲಿಲ್ಲ.

ಕೊನೆಗೆ ಹಂಚೋದನ್ನೇ ಬಿಟ್ಟೆ. ಅದೇ ಮನೆಗೆ ಬಾಡಿಗೆ ನೆರವೇ ಇಲ್ಲ ಅಂದುಕೊಂಡು ಮತ್ತೆ ಲೆಕ್ಕ ಹಾಕಿದೆ. ಆಗ ಕಡಿತವಿಲ್ಲದ ಸಂಬಳ 404 ಅಲ್ಲ, 673 ಆಗುತ್ತದೆ. ಸಿಗೋದು ಸುಮಾರು 200. ಅಂದರೆ ಬಾಡಿಗೆ ನೆರವಿನಿಂದ ಸರ್ಕಾರಕ್ಕೆ ಬೀಳುವ ಖರ್ಚು 450. ಎರಡು ಕಡೆಯೂ 404ನ್ನೇ ಇಟ್ಟರೆ ತಿರುಗಿ 600ಕ್ಕೇ ಬಂದು ನಿಲ್ಲುತ್ತೀರಿ. ಬಹಳ ಜನ ಎಡವುವುದು ಇಲ್ಲೇ.

ದುಡ್ಡು ಹೋಗಿದ್ದು ಬೇರೆ ಕಡೆ. ಜಾಹೀರಾತುಗಳ ಬಾಡಿಗೆ ಪಟ್ಟಿಗೆ ಅಂತ 900 ಪೌಂಡ್ ಹತ್ತಿರ ಸುರಿದೆ. ಅದರಲ್ಲಿ ಇರೋದು ಹೊಸ ಬಾಡಿಗೆದಾರರಿಗೆ ಹೇಳುವ ದರ. ಐದಾರು ವರ್ಷದಿಂದ ಅದೇ ಮನೆಯಲ್ಲಿರುವವರು ಕೊಡೋದು ಎಷ್ಟೋ ಕಡಿಮೆ, ಅಲ್ವಾ? ಲೆಕ್ಕ ಊದಿಕೊಂಡಿತು. ಬೆನಿಫಿಟ್ ಕ್ಯಾಪ್, ಅಂದರೆ ಒಂದು ಮನೆಗೆ ಸಿಗುವ ಒಟ್ಟು ನೆರವಿನ ಮಿತಿ, ಇನ್ನೊಂದು ಕಾಟ. ಲಂಡನ್ ಹೊರಗೆ ಕುಟುಂಬಕ್ಕೆ ವರ್ಷಕ್ಕೆ 22,020 ಪೌಂಡ್ ಮಿತಿ. ಅದನ್ನು ಮುಟ್ಟಿದ ಮನೆಗೆ ಎಲ್‌ಎಚ್‌ಎ ಎಷ್ಟೇ ಏರಿದರೂ ಒಂದು ಪೆನ್ನಿ ಜಾಸ್ತಿ ಬರಲ್ಲ. ಆ ಮನೆಗಳನ್ನು ತೆಗೆದ ಮೇಲೆಯೇ ನನ್ನ ಅಂದಾಜು ನೆಲಕ್ಕೆ ಇಳಿದದ್ದು.

ನೆರವಿನ ಸರ್ಕಾರಿ ಅಂಕಿ-ಅಂಶ ಸಿಗುವ ಸ್ಟ್ಯಾಟ್-ಎಕ್ಸ್‌ಪ್ಲೋರ್ ಜಾಲತಾಣದಲ್ಲಿ ಸಣ್ಣ ಅಂಕಿಗಳನ್ನು ಗುರುತು ಸಿಗದ ಹಾಗೆ ಅಲ್ಲಾಡಿಸಿರುತ್ತಾರೆ. ವಾರ್ಡ್‌ವಾರು ಕೂಡಿಸಿದರೆ ಮೊತ್ತ ತಾಳೆ ಆಗಲ್ಲ. ಅದಕ್ಕೆ ನನ್ನದೊಂದು ದಾರಿ ಇದೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಬೆಡ್‌ರೂಮ್ ಟ್ಯಾಕ್ಸ್ (ಅಗತ್ಯಕ್ಕಿಂತ ಹೆಚ್ಚು ಮಲಗುವ ಕೋಣೆ ಇದ್ದರೆ ಬಾಡಿಗೆ ನೆರವು ಕತ್ತರಿಸುವ ನಿಯಮ) ಮೇಲೂ ಇದೇ ವಿಧಾನ ಓಡಿಸಿದೆ. ಕೌನ್ಸಿಲ್ ಮನೆಯಲ್ಲಿ ಒಂದು ಕೋಣೆ ಹೆಚ್ಚಿದ್ದರೆ ಶೇ 14, ಎರಡೋ ಜಾಸ್ತಿಯೋ ಇದ್ದರೆ ಶೇ 25 ಕಡಿತ ತಾನೆ, ಸುಲಭ ಅಂದುಕೊಂಡಿದ್ದೆ. ಆದರೆ ಕೌನ್ಸಿಲ್ ಕೊಡುವ ವಿವೇಚನಾ ನೆರವು ಅದರಲ್ಲಿ ಒಂದಷ್ಟನ್ನು ತುಂಬಿಕೊಡುತ್ತದೆ, ಮತ್ತು ಆ ಖರ್ಚು ಬೇರೆ ಖಾತೆಯಲ್ಲಿ ಕೂತಿರುತ್ತದೆ. ಸದ್ಯಕ್ಕೆ ಆ ಶೀಟ್ ಅರ್ಧಕ್ಕೇ ನಿಂತಿದೆ.