ಟರ್ಬೊ ಇಂಜಿನ್‌ಗೆ ಹೆಡ್ ಬೋಲ್ಟಾ, ಸ್ಟಡ್ಡಾ? ನಾನು ಆರಿಸ್ಕೊಂಡಿದ್ದು ಹೀಗೆ

ಹೆಡ್ ಸ್ಟಡ್ (ಇಂಜಿನ್ ಬ್ಲಾಕ್ ಮೇಲೆ ಕೂರೋ ಹೆಡ್ಡನ್ನ ಹಿಡಿಯೋಕೆ ಬೋಲ್ಟಿನ ಬದ್ಲು ಹಾಕೋ, ಎರಡೂ ತುದೀಲಿ ಥ್ರೆಡ್ ಇರೋ ಕಡ್ಡಿ, ಮೇಲೆ ನಟ್ ಬರತ್ತೆ) ಯಾವ್ದು ಹಾಕ್ಲಿ ಅಂತ ಯಾರನ್ನ ಕೇಳಿದ್ರೂ ಮೊದ್ಲು ಬರೋದು ಸ್ಟ್ರೆಂತ್ ನಂಬರ್ರೇ (ಪಿಎಸ್‌ಐ, ಅಂದ್ರೆ ಚದರ ಇಂಚಿಗೆ ಎಷ್ಟು ಪೌಂಡ್ ಎಳೆತ ತಡಿಯತ್ತೆ ಅಂತ), ಇದು ಇಷ್ಟು ಪಿಎಸ್‌ಐ ಅದು ಅಷ್ಟು ಪಿಎಸ್‌ಐ ಅಂತ. ನಾನು ಉಲ್ಟಾ ಹೋದೆ. ಹೆಡ್ಡನ್ನ ಬ್ಲಾಕ್ ಮೇಲೆ ಒತ್ತಿ ಹಿಡಿಯೋಕೆ ಎಷ್ಟು ಕ್ಲ್ಯಾಂಪ್ ಲೋಡ್ ಬೇಕು ಅಂತ ಲೆಕ್ಕ ಹಾಕ್ಕೊಂಡು, ಆಮೇಲೆ ಬೋಲ್ಟಿನ ಕಡೆ ನೋಡ್ದೆ. ಯಾಕಂದ್ರೆ ಟ್ಯೂನ್ ಮಾಡಿದ ಇಂಜಿನ್‌ನಲ್ಲಿ ಹೆಡ್ ಬೋಲ್ಟು ತುಂಡಾಗೋದು ಅಪರೂಪ, ಬೋಲ್ಟು ನೆಟ್ಟಗೇ ಇರತ್ತೆ, ಹೆಡ್ಡು ಕೂದಲೆಳೆಯಷ್ಟು ಎದ್ದು ಮಧ್ಯದ ಗ್ಯಾಸ್ಕೆಟ್ (ಸೀಲ್ ಮಾಡೋ ಪದರ) ಬಿಟ್ಕೊಳ್ಳತ್ತೆ, ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ ಬರೋಕೆ ಶುರುವಾಗತ್ತೆ.

ನಂದು 2 ಲೀಟರ್ ನಾಲ್ಕು ಸಿಲಿಂಡರ್, 86 ಎಂಎಂ ಬೋರ್ (ಸಿಲಿಂಡರಿನ ಒಳ ಅಗಲ), ಕಾಸ್ಟ್ ಐರನ್ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಎಂ10 (10 ಎಂಎಂ ದಪ್ಪದ) ಬೋಲ್ಟು ಹತ್ತು. ಒಂದು ಬೋರಿನ ಏರಿಯಾ ಸುಮಾರು 5,800 ಚದರ ಎಂಎಂ, ಬೂಸ್ಟ್ (ಟರ್ಬೊ ಒತ್ತಿ ತುಂಬೋ ಗಾಳಿ) ಹಾಕಿದಾಗ ಸಿಲಿಂಡರ್ ಒಳಗಿನ ಪೀಕ್ ಪ್ರೆಶರ್ 120 ಬಾರ್ ಅಂತ ಇಟ್ಕೊಂಡ್ರೆ ಆ ಹೆಡ್ಡನ್ನ ಮೇಲಕ್ಕೆ ನೂಕೋ ಫೋರ್ಸು 70 ಕಿಲೋನ್ಯೂಟನ್, ಅಂದ್ರೆ ಏಳು ಟನ್ ಹತ್ರ. ಈಗ 10.9 ಗ್ರೇಡಿನ (ಬೋಲ್ಟಿನ ಸ್ಟ್ರೆಂತ್ ಗುರುತು) ಎಂ10 ಬೋಲ್ಟನ್ನ ಯೀಲ್ಡಿನ (ಎಳೆದ್ಮೇಲೆ ಮೊದಲಿನ ಉದ್ದಕ್ಕೆ ವಾಪಸ್ ಬರದೇ ಇರೋ ಹಂತ) 75 ಪರ್ಸೆಂಟ್‌ವರೆಗೆ ಬಿಗಿದ್ರೆ 40 ಕಿಲೋನ್ಯೂಟನ್ ಸಿಗತ್ತೆ, ಹತ್ತು ಬೋಲ್ಟಿಗೆ 400, ನಾಲ್ಕು ಸಿಲಿಂಡರಿಗೆ ಹಂಚಿದ್ರೆ ತಲಾ 100. ಇದು ರಫ್ ಲೆಕ್ಕಾನೇ, ಆದ್ರೂ ವಿಷ್ಯ ಕಾಣತ್ತೆ. 70ಕ್ಕೆ ಎದುರು 100, ಅದ್ರಲ್ಲೇ ಗ್ಯಾಸ್ಕೆಟ್ ಸೀಲ್ ಆಗೋಕೂ ಪಾಲು ಕೊಡ್ಬೇಕು, ನಾಕಿಂಗ್ (ಇಂಧನ ತಾನಾಗೇ ಹೊತ್ಕೊಂಡು ಬಡಿಯೋದು) ಬಂದ್ರೆ ಪ್ರೆಶರ್ ಇನ್ನೂ ಮೇಲೆ ಹಾರತ್ತೆ. ಇನ್ನೊಂದು ವಿಷ್ಯ, ಬರೀ ಟಾರ್ಕ್ (ತಿರುಗಿಸೋ ಬಲ) ತೋರ್ಸೋ ರೆಂಚಲ್ಲಿ ಬಿಗಿದಾಗ ನಿಜವಾದ ಕ್ಲ್ಯಾಂಪ್ ಲೋಡು 25-30 ಪರ್ಸೆಂಟ್ ಆಚೀಚೆ ಆಗ್ಬಹುದು, ಆಗ ಆ 100 ಹೋಗಿ 75 ಆದ್ರೆ ಉಳಿದಿದ್ದೆಷ್ಟು?

ಇಷ್ಟು ಗೊತ್ತಾದ್ಮೇಲೆ ಆಯ್ಕೆ ಸುಲಭ ಆಯ್ತು. 8740 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಸ್ಟೀಲು) ಸ್ಟಡ್ಡು 180,000ದಿಂದ 200,000 ಪಿಎಸ್‌ಐ ಟೆನ್ಸೈಲು (ತುಂಡಾಗೋಕೆ ಮುಂಚೆ ತಡಿಯೋ ಎಳೆತ), 10.9 ಬೋಲ್ಟು 150,000 ಆಸುಪಾಸು. ಅದೇ ಎಂ10 ಥ್ರೆಡ್ಡಲ್ಲಿ ಒಂದಕ್ಕೆ 50 ಕಿಲೋನ್ಯೂಟನ್‌ವರೆಗೆ ಹೋಗ್ಬಹುದು, ಸಿಲಿಂಡರಿಗೆ 125. ಎಆರ್‌ಪಿ ಅನ್ನೋ ಬೋಲ್ಟ್-ಸ್ಟಡ್ ಕಂಪ್ನಿಯ ಎಆರ್‌ಪಿ 2000 ಮೆಟೀರಿಯಲ್ಲು 220,000 ಪಿಎಸ್‌ಐ, ಇನ್ನೂ ಒಂದಿಷ್ಟು ಜಾಸ್ತಿ ಸಿಗತ್ತೆ. ಎಲ್19 ಅನ್ನೋ ಇನ್ನೂ ಗಟ್ಟಿ ಸ್ಟೀಲಿನ ಬಗ್ಗೆ ಯೋಚ್ನೆನೇ ಮಾಡ್ಲಿಲ್ಲ, 260,000 ಪಿಎಸ್‌ಐ ಅನ್ನೋದು ಕೇಳೋಕೆ ಚೆಂದ, ಆದ್ರೆ ತೇವ, ಬೆವರು ತಾಗಿದ್ರೆ ತುಕ್ಕು ಹಿಡಿದು ಒಳಗಿಂದೊಳಗೇ ಬಿರುಕು ಬಿಡೋ ಸ್ವಭಾವ ಅದಕ್ಕಿದೆ, ಬರಿಗೈಲಿ ಮುಟ್ಬೇಡಿ, ಯಾವಾಗ್ಲೂ ಎಣ್ಣೆ ಹಚ್ಚಿಡಿ ಅಂತಾರೆ. ಡ್ರ್ಯಾಗ್ ರೇಸ್ ಇಂಜಿನ್‌ಗೆ ಸರಿ, ದಿನಾ ಓಡಿಸೋ ಗಾಡಿಗೆ ಆ ತಲೆನೋವು ಯಾಕೆ. ತುಕ್ಕಿನ ಕಾಟ ಇಲ್ದೆ ಅಷ್ಟೇ ಶಕ್ತಿ ಬೇಕಂದ್ರೆ ಕಸ್ಟಮ್ ಏಜ್ 625 ಪ್ಲಸ್ ಅನ್ನೋ ಮಿಶ್ರಲೋಹ ಇದೆ, ದುಡ್ಡು ಸಿಕ್ಕಾಪಟ್ಟೆ. ನಾನು 8740ರಲ್ಲೇ ನಿಂತೆ. ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಬಿಗಿದ್ರೆ ಬೋರೇ ಸೊಟ್ಟ ಆಗತ್ತೆ, ಬ್ಲಾಕಿನ ಥ್ರೆಡ್ಡೂ ಕಿತ್ಕೊಂಡು ಬರ್ಬಹುದು, ಅದನ್ನ ಮರೀಬಾರ್ದು.

ಗಾಡಿ ಕಂಪ್ನಿಯ ಟಾರ್ಕ್ ಟು ಯೀಲ್ಡ್ ಬೋಲ್ಟನ್ನ (ಯೀಲ್ಡ್ ತನಕ ಬಿಗಿಯೋ ಬೋಲ್ಟು) ಬೈಯೋರು ಜಾಸ್ತಿ, ನಾನು ಬೈಯಲ್ಲ. ಡಿಗ್ರಿ ಲೆಕ್ಕದಲ್ಲಿ ತಿರುಗಿಸೋದ್ರಿಂದ ಫ್ರಿಕ್ಷನ್ನಿನ ಆಟ ಕಮ್ಮಿ, ಎಲ್ಲಾ ಬೋಲ್ಟೂ ಹೆಚ್ಚುಕಮ್ಮಿ ಒಂದೇ ಲೋಡಿಗೆ ಬರತ್ತೆ, ಸ್ಟಾಕ್ ಪವರ್‌ಗೆ ಅದಕ್ಕಿಂತ ಒಳ್ಳೇದು ಬೇಕಿಲ್ಲ. ತೊಂದ್ರೆ ಏನಂದ್ರೆ ಅದು ಆಗ್ಲೇ ಯೀಲ್ಡ್ ದಾಟಿ ಕೂತಿರತ್ತೆ, ಇನ್ನಷ್ಟು ಎಳೆದ್ರೆ ಉದ್ದ ಆಗಿ ಹಾಗೇ ಉಳಿಯತ್ತೆ, ವಾಪಸ್ ಬರಲ್ಲ. ಜೊತೆಗೆ ಬಿಚ್ಚಿದ್ರೆ ಹೊಸದೇ ಹಾಕ್ಬೇಕು, ಇಂಥ ಇಂಜಿನ್ ಬಿಚ್ಚದೆ ಬಿಡೋರು ಯಾರು.

ಬೋಲ್ಟಿನ ಬದ್ಲು ಸ್ಟಡ್ಡೇ ಯಾಕೆ ಅಂದ್ರೆ, ಬೋಲ್ಟು ಬಿಗಿಯುವಾಗ ಎಳೆತದ ಜೊತೆ ತಿರುಚೂ ತಿನ್ನತ್ತೆ, ಬ್ಲಾಕಿನ ಥ್ರೆಡ್ಡಲ್ಲಿ ಉಜ್ಜಿಕೊಂಡೇ ಲೋಡ್ ಏರತ್ತೆ. ಸ್ಟಡ್ಡಲ್ಲಿ ಬ್ಲಾಕ್ ಕಡೆ ಏನೂ ತಿರುಗಲ್ಲ, ಮೇಲ್ಗಡೆ ಫೈನ್ ಥ್ರೆಡ್ಡಲ್ಲಿ ನಟ್ ಮಾತ್ರ ತಿರುಗತ್ತೆ, ಹಾಗಾಗಿ ರೀಡಿಂಗು ನಂಬೋಕೆ ಸ್ವಲ್ಪ ವಾಸಿ. ಹಾಗಂತ ಎಲ್ರಿಗೂ ಸ್ಟಡ್ಡೇ ಅಂತ ಹೇಳಲ್ಲ, ಇಂಜಿನ್ ಗಾಡಿಯಲ್ಲೇ ಇಟ್ಕೊಂಡು ಹೆಡ್ ತೆಗಿಯೋದಾದ್ರೆ ಸ್ಟಡ್ಡಿನ ಉದ್ದಕ್ಕೂ ಹೆಡ್ಡನ್ನ ನೆಟ್ಟಗೆ ಮೇಲೆ ಎತ್ತೋಕೆ ಜಾಗ ಬೇಕು, ಜಾಗ ಇಲ್ಲ ಅಂದ್ರೆ ಒಳ್ಳೆ ಗ್ರೇಡಿನ ಬೋಲ್ಟೇ ಸರಿ. ನಟ್ಟು ಕ್ಯಾಮ್‌ಗೋ ವಾಲ್ವ್ ಕವರ್‌ಗೋ ತಾಗತ್ತಾ, ನಿಮ್ಮ ಸಾಕೆಟ್ ಒಳಗೆ ಇಳಿಯತ್ತಾ ಅಂತಾನೂ ಮೊದ್ಲೇ ನೋಡ್ಕೊಳ್ಳಿ.

ನಿಜ ಹೇಳ್ಬೇಕಂದ್ರೆ ಸ್ಟಡ್ ಆರಿಸೋಕಿಂತ ಜಾಸ್ತಿ ಟೈಮು ಹೋಗಿದ್ದು ಬ್ಲಾಕಲ್ಲಿ ಸ್ಟಡ್ ಕೂರೋ ತೂತು ಕ್ಲೀನ್ ಮಾಡೋದ್ರಲ್ಲಿ. ಟ್ಯಾಪ್ (ಹೊಸದಾಗಿ ಥ್ರೆಡ್ ಕೊರೆಯೋ ಟೂಲು) ಹಾಕ್ಬೇಡಿ, ಅದು ಲೋಹ ಕೆತ್ತಿ ಥ್ರೆಡ್ ಸಡಿಲ ಮಾಡತ್ತೆ, ಥ್ರೆಡ್ ಚೇಸರ್ (ಇರೋ ಥ್ರೆಡ್ಡನ್ನ ಕೆತ್ತದೆ ಕ್ಲೀನ್ ಮಾಡೋ ಟೂಲು) ಹಾಕಿ, ಆಮೇಲೆ ಗಾಳಿ ಹೊಡೆದು ಒಣಗಿಸಿ. ತಳದಲ್ಲಿ ಎಣ್ಣೆನೋ ನೀರೋ ನಿಂತಿದ್ರೆ ಅದಕ್ಕೆ ಹೋಗೋಕೆ ದಾರಿ ಇರಲ್ಲ, ಬ್ಲಾಕೇ ಬಿರುಕು ಬಿಡ್ಬಹುದು. ವಾಟರ್ ಜಾಕೆಟ್‌ಗೆ (ಬ್ಲಾಕ್ ಒಳಗೆ ಕೂಲಂಟ್ ಓಡೋ ಜಾಗ) ತೆರ್ಕೊಂಡಿರೋ ತೂತಿದ್ರೆ ಅದ್ರ ಥ್ರೆಡ್ಡಿಗೆ ಸೀಲಂಟ್ ಹಚ್ಬೇಕು. ಸ್ಟಡ್ಡನ್ನ ಕೈಲಿ ಎಷ್ಟು ಬಿಗಿಯಾಗತ್ತೋ ಅಷ್ಟೇ ಸಾಕು, ಎರಡು ನಟ್ ಲಾಕ್ ಮಾಡಿ ಜೋರಾಗಿ ಇಳಿಸೋ ಅಗತ್ಯ ಇಲ್ಲ.

ಲೂಬ್ ವಿಷ್ಯಕ್ಕೆ ಮಾತ್ರ ನಾನು ಜಗಳಕ್ಕೂ ರೆಡಿ. ನಾವು ಹಾಕೋ ಟಾರ್ಕಲ್ಲಿ ಸುಮಾರು 90 ಪರ್ಸೆಂಟು ನಟ್ ಕೆಳಗೆ, ಥ್ರೆಡ್ ಮಧ್ಯೆ ಫ್ರಿಕ್ಷನ್‌ಗೇ ಹೋಗತ್ತೆ, ಉಳಿದಿದ್ದಷ್ಟೇ ಸ್ಟಡ್ಡನ್ನ ಎಳೆಯೋದು. ಕಿಟ್ ಜೊತೆ ಬಂದ ಲೂಬಿಗೆ ಬರ್ದಿರೋ ಟಾರ್ಕನ್ನ ಇಂಜಿನ್ ಆಯಿಲ್ ಹಚ್ಚಿ ಹಾಕಿದ್ರೆ ಲೋಡು ಕಮ್ಮಿ, ಆಯಿಲ್ ನಂಬರನ್ನ ಮೋಲಿ ಲೂಬ್ (ಮಾಲಿಬ್ಡಿನಂ ಇರೋ, ಜಾಸ್ತಿ ಜಾರೋ ಲೂಬು) ಹಚ್ಚಿ ಹಾಕಿದ್ರೆ ಓವರು. ಹಾಗಾಗಿ ಕಿಟ್ಟಿನ ಲೂಬು, ಕಿಟ್ಟಿನ ಗಟ್ಟಿ ವಾಷರ್ರು, ಕಿಟ್ಟಿನ ನಂಬರ್ರು, ಮೂರೂ ಸೇರಿ ಒಂದೇ ಸೆಟ್ಟು. ವಾಷರ್‌ಗೆ, ನಟ್ಟಿನ ತಳಕ್ಕೆ, ಮೇಲಿನ ಥ್ರೆಡ್ಡಿಗೆ ಹಚ್ಚಿ, ಮಧ್ಯದಿಂದ ಹೊರಗೆ ಸುತ್ತುತ್ತಾ ಮೂರು ಸ್ಟೆಪ್ಪಲ್ಲಿ ಬಿಗಿದೆ.

ಮಷಿನ್ ಶಾಪಿಗೆ ಬ್ಲಾಕ್ ಕೊಡೋಕೆ ಮುಂಚೆನೇ ಸ್ಟಡ್ ಆರಿಸಿರ್ಬೇಕು, ಇದನ್ನ ತುಂಬಾ ಜನ ಕೊನೆಗಿಟ್ಕೋತಾರೆ. ಕ್ಲ್ಯಾಂಪ್ ಲೋಡ್ ಬದಲಾದ್ರೆ ಬೋರಿನ ಆಕಾರನೂ ಬದಲಾಗತ್ತೆ, ಅದಕ್ಕೆ ಟಾರ್ಕ್ ಪ್ಲೇಟ್ (ಹೆಡ್ಡಿನ ಬದ್ಲು ಬಿಗಿಯೋ ದಪ್ಪ ಪ್ಲೇಟು) ಹಾಕಿ ಬೋರನ್ನ ಹೋನ್ ಮಾಡುವಾಗ (ಉಜ್ಜಿ ಅಳತೆಗೆ ತರುವಾಗ) ಇದೇ ಸ್ಟಡ್ಡು, ಇದೇ ಥರದ ಗ್ಯಾಸ್ಕೆಟ್ಟು, ಇದೇ ಟಾರ್ಕ್ ಇರ್ಬೇಕು ಅಂತ ನಾನು ಸ್ಟಡ್ಡನ್ನೂ ಬ್ಲಾಕ್ ಜೊತೆಗೇ ಕೊಟ್ಟೆ. ಎಂಎಲ್‌ಎಸ್ (ಹಲವು ಸ್ಟೀಲ್ ಪದರ ಇರೋ) ಗ್ಯಾಸ್ಕೆಟ್ ಹಾಕೋದ್ರಿಂದ ಎರಡೂ ಮುಖ ನುಣ್ಣಗೆ ಇರ್ಬೇಕು ಅಂತಾನೂ ಹೇಳಿದ್ದೆ.

ಮೊದಲ ಸಲ ಇಂಜಿನ್ ಓಡಿಸಿ ಚೆನ್ನಾಗಿ ಬಿಸಿ ಮಾಡಿ ಪೂರ್ತಿ ತಣ್ಣಗಾದ್ಮೇಲೆ ಒಂದೊಂದೇ ನಟ್ಟು ಸ್ವಲ್ಪ ಸಡಿಲ ಮಾಡಿ ಮತ್ತೆ ಅದೇ ಟಾರ್ಕಿಗೆ ತಂದೆ, ಸಡಿಲ ಮಾಡ್ದೆ ಸುಮ್ನೆ ರೆಂಚ್ ಹಾಕಿದ್ರೆ ಕಚ್ಕೊಂಡಿರೋ ಫ್ರಿಕ್ಷನ್ನೇ ಕ್ಲಿಕ್ ಅನ್ನತ್ತೆ, ಲೋಡ್ ಗೊತ್ತಾಗಲ್ಲ. ಎಂಎಲ್‌ಎಸ್‌ಗೆ ಇದು ಸಾಮಾನ್ಯವಾಗಿ ಬೇಕಿಲ್ಲ ಅಂತಾರೆ, ಗ್ಯಾಸ್ಕೆಟ್ ಕಂಪ್ನಿ ಬೇಡ ಅಂದಿದ್ರೆ ಮಾಡ್ಬೇಡಿ.