ಎರಡು ಆನ್‌ಲೈನ್ ಅಂಗಡಿ, ಒಂದೇ ಕಪಾಟು: ಸ್ಟಾಕ್ ಕೈಕೊಡದಂತೆ ನಡೆಸುವುದು ಹೇಗೆ?

ಕಳೆದ ದೀಪಾವಳಿಯ ಹಿಂದಿನ ದಿನ ಪರಿಚಯದವರೊಬ್ಬರು ಫೋನ್ ಮಾಡಿದರು. ಅವರದ್ದು ಎರಡು ಸೈಟು. ಒಂದು ಇಳಕಲ್ ಸೀರೆಗೆ, ಇನ್ನೊಂದು ಗುಳೇದಗುಡ್ಡದ ಖಣಕ್ಕೆ ಅಂತ ಶುರುವಾಗಿದ್ದು, ಆಮೇಲೆ ಎರಡರಲ್ಲೂ ಎಲ್ಲವೂ ಸೇರಿಕೊಂಡಿತ್ತು. ತೋಪ್ ತೆನಿ ಸೆರಗಿನ ದಾಳಿಂಬೆ ಬಣ್ಣದ ಸೀರೆ ಇದ್ದದ್ದು ಒಂದೇ, ದುಡ್ಡು ಕಟ್ಟಿದವರು ಇಬ್ಬರು. ಒಬ್ಬರಿಗೆ ಸೀರೆ ಹೋಯಿತು, ಇನ್ನೊಬ್ಬರಿಗೆ ರೀಫಂಡ್ ಹೋಯಿತು, ಬೈಗುಳ ಇವರ ಪಾಲಿಗೆ ಬಂತು.

ಇಂಥದ್ದು ಎಷ್ಟು ಸಲ ನೋಡಿದ್ದೇನೆ ಅಂದರೆ, ಈಗ ಯಾರಾದರೂ "ಎರಡು ಸೈಟಿಗೆ ಒಂದೇ ಡೇಟಾಬೇಸ್ (ಮಾಲು, ಸ್ಟಾಕ್, ಆರ್ಡರಿನ ಲೆಕ್ಕ ಇರುವ ಜಾಗ) ಸಾಕಾ?" ಅಂತ ಕೇಳಿದರೆ, ನಿಮ್ಮ ಗೋಡೌನ್ ಎಷ್ಟು ಅಂತ ನಾನೇ ತಿರುಗಿ ಕೇಳುತ್ತೇನೆ.

ಹಂತ 1: ಕಪಾಟು ಎಣಿಸಿ

ಎರಡೂ ಸೈಟಿನ ಮಾಲು ಒಂದೇ ಕಪಾಟಿನಿಂದ ಹೋಗುತ್ತದಾ? ಹಾಗಿದ್ದರೆ ಒಂದೇ ಡೇಟಾಬೇಸ್. ಮಾಲು ಬೇರೆ, ಪಾಲುದಾರರು ಬೇರೆ, ಅಥವಾ ಮುಂದೆ ಒಂದು ಸೈಟನ್ನು ಮಾರುವ ಯೋಚನೆ ಇದೆ ಅಂದರೆ ಬೇರೆ ಬೇರೆ. ಟೇಬಲ್ (ಡೇಟಾಬೇಸಿನೊಳಗಿನ ಪಟ್ಟಿ) ಹೆಸರಿನ ಮುಂದಿನ ಅಕ್ಷರ ಬದಲಿಸಿ ಒಂದೇ ಡೇಟಾಬೇಸಿನಲ್ಲಿ ಎರಡು ಸೈಟು ಕೂರಿಸಿಕೊಡುವವರಿದ್ದಾರೆ. ಸುಮ್ನೆ ತಲೆನೋವು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ, ಸ್ಟಾಕ್ ಬೇರೆಯೇ ಉಳಿಯುತ್ತದೆ. ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ಸೈಟು ನಡೆಸುವ ಮಲ್ಟಿಸೈಟ್ ಕಥೆಯೂ ಅದೇ. ಲಾಗಿನ್ ಒಂದಾಗುತ್ತದೆ, ಆದರೆ ವೂಕಾಮರ್ಸ್ (ವರ್ಡ್‌ಪ್ರೆಸ್‌ಗೆ ಅಂಗಡಿ ಸೇರಿಸುವ ಪ್ಲಗಿನ್) ಸಾಮಾನು ಪ್ರತಿ ಸೈಟಿಗೂ ಬೇರೆ.

ಹಂತ 2: ಅಂಗಡಿ ಸೇರಿಸಿ

ಸಣ್ಣ ವ್ಯಾಪಾರಕ್ಕೆ ನನ್ನ ಆಯ್ಕೆ ಓಪನ್‌ಕಾರ್ಟ್, ಒಂದೇ ಡೇಟಾಬೇಸಿನಲ್ಲಿ ಹಲವು ಅಂಗಡಿ ನಡೆಸಲು ಬರುವ ಸಾಫ್ಟ್‌ವೇರ್. ಸಿಸ್ಟಮ್, ಸೆಟ್ಟಿಂಗ್ಸ್, ಪ್ಲಸ್ ಗುಂಡಿ, ಹೊಸ ವಿಳಾಸ, ಅಷ್ಟೇ. ಎರಡನೇ ಡೊಮೇನ್ (ಸೈಟಿನ ವಿಳಾಸ) ಓಪನ್‌ಕಾರ್ಟ್ ಇರುವ ಅದೇ ಫೋಲ್ಡರಿಗೆ ತಿರುಗಿರಬೇಕು. ಪ್ರತಿ ಸಾಮಾನಿನ ಲಿಂಕ್ಸ್ ಟ್ಯಾಬಿನಲ್ಲಿ ಎರಡೂ ಅಂಗಡಿಗೆ ಟಿಕ್ ಹಾಕಿ.

ಹಂತ 3: ಸ್ಟಾಕ್

ಎಡವುವುದು ಇಲ್ಲೇ. ಡೇಟಾಬೇಸ್ ಒಂದೇ ಆಯಿತು, ಇನ್ನೇನು ಭಯವಿಲ್ಲ ಅಂದುಕೊಳ್ಳಬೇಡಿ. ಓಪನ್‌ಕಾರ್ಟ್ ಸ್ಟಾಕ್ ಕಳೆಯುವುದು ಗಿರಾಕಿ ಬುಟ್ಟಿಗೆ ಹಾಕಿದಾಗ ಅಲ್ಲ, ಆರ್ಡರ್ ಸ್ಟೇಟಸ್ 'ಪ್ರೊಸೆಸಿಂಗ್' ಆದಾಗ. ಅಂದರೆ ಒಬ್ಬರು ಓಟಿಪಿಗೆ ಕಾಯುತ್ತಾ ಕೂತಿರುವಾಗ ಇನ್ನೊಬ್ಬರಿಗೂ ಅದೇ ಸೀರೆ 'ಇದೆ' ಅಂತಲೇ ಕಾಣುತ್ತದೆ. ಇಬ್ಬರೂ ಕಟ್ಟಿದರೆ ಸ್ಟಾಕ್ ಮೈನಸ್ 1. ಹಾಗಾಗಿ ಒಂದೇ ಪೀಸ್ ಇರುವ ಮಾಲನ್ನು ಒಂದೇ ಸೈಟಿನಲ್ಲಿ ಇಡಿ. ಅದರಿಂದ ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಎರಡು ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ. 'ಸಬ್‌ಟ್ರ್ಯಾಕ್ಟ್ ಸ್ಟಾಕ್' (ಮಾರಿದಷ್ಟು ಸ್ಟಾಕಿನಿಂದ ಕಳೆಯುವುದು) ಯೆಸ್, 'ಸ್ಟಾಕ್ ಚೆಕ್‌ಔಟ್' (ಸ್ಟಾಕ್ ಇಲ್ಲದಿದ್ದರೂ ಕೊಳ್ಳಲು ಬಿಡುವುದು) ನೋ ಇರಲಿ. ಖಣಕ್ಕೆ ಬಣ್ಣ, ಅಳತೆ ಅಂತ ಆಪ್ಷನ್ ಇಟ್ಟಿದ್ದರೆ ಅವುಗಳ ಸ್ಟಾಕ್ ಬೇರೆ, ಅಲ್ಲೂ ಯೆಸ್ ಹಾಕಬೇಕು. ಇದನ್ನು ಮರೆಯದವರನ್ನು ನಾನು ಇನ್ನೂ ನೋಡಿಲ್ಲ.

ಡೇಟಾಬೇಸ್ ಬೇರೆ ಬೇರೆ ಇದ್ದರೆ ಸಮಸ್ಯೆ ಇನ್ನೂ ಜಾಸ್ತಿ. ಎರಡೂ ಕಡೆಯ ಸ್ಟಾಕ್ ಹೊಂದಿಸುವ ಅಗ್ಗದ ಸಿಂಕ್ ಪ್ಲಗಿನ್‌ಗಳು ಮಾಡುವ ತಪ್ಪು ನೋಡಿ. ಕಪಾಟಿನಲ್ಲಿ 5 ಖಣ ಇವೆ. ಮೊದಲ ಸೈಟು 2 ಮಾರಿ "ಈಗ 3" ಅನ್ನುತ್ತದೆ. ಅದೇ ಹೊತ್ತಿಗೆ ಎರಡನೇದು 1 ಮಾರಿ "ಈಗ 4" ಅನ್ನುತ್ತದೆ. ಕೊನೆಗೆ ಹೇಳಿದ್ದೇ ಗೆಲ್ಲುತ್ತದೆ, ಎರಡೂ ಕಡೆ 4. ಕಪಾಟಿನಲ್ಲಿರುವುದು 2! ಸಿಂಕ್ ಕಳಿಸಬೇಕಾದ್ದು ಉಳಿದದ್ದೆಷ್ಟು ಅಂತಲ್ಲ, ಹೋದದ್ದೆಷ್ಟು ಅಂತ. ಪ್ಲಗಿನ್ ಕೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳಿ, ಮಾರುವವರು ತಡವರಿಸಿದರೆ ಅಲ್ಲಿಗೇ ಬಿಡಿ. ಎಸ್‌ಕೆಯು (ಪ್ರತಿ ಮಾಲಿಗೆ ನೀವು ಕೊಡುವ ಗುರುತಿನ ಕೋಡ್) ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಸಿಂಕ್ 15 ನಿಮಿಷಕ್ಕೊಮ್ಮೆ ಓಡುವುದಾದರೆ ಪ್ರತಿ ಮಾಲಿನಲ್ಲೂ 2 ಪೀಸ್ ಕಮ್ಮಿ ತೋರಿಸಿ.

ಆಮೇಲೆ ಪರೀಕ್ಷೆ ಮಾಡಿ. ಒಂದು ಮಾಲಿಗೆ ಸ್ಟಾಕ್ 1 ಇಟ್ಟು, ಎರಡು ಫೋನಿನಲ್ಲಿ ಎರಡು ಸೈಟು ತೆರೆದು, ಒಟ್ಟಿಗೇ ದುಡ್ಡು ಕಟ್ಟಿ ನೋಡಿ. ಹಬ್ಬದ ವಾರದಲ್ಲಲ್ಲ, ಮೊದಲೇ.

ಹಂತ 4: ಬಿಲ್ ನಂಬರು

ಬೇರೆ ಡೇಟಾಬೇಸ್ ಅಂದರೆ ಎರಡೂ ಸೈಟು 1ರಿಂದ ಎಣಿಸುತ್ತವೆ. ಜಿಎಸ್‌ಟಿ ನಂಬರು ಮಾತ್ರ ಒಂದೇ ಅಲ್ವಾ? ಒಂದು ಹಣಕಾಸು ವರ್ಷದಲ್ಲಿ ಒಂದೇ ಬಿಲ್ ನಂಬರು ಎರಡು ಸಲ ಬರುವ ಹಾಗಿಲ್ಲ, 16 ಅಕ್ಷರ ದಾಟುವ ಹಾಗೂ ಇಲ್ಲ. ಸೀರೆ ಸೈಟಿನ ಬಿಲ್ ನಂಬರಿಗೆ 'ಎಸ್', ಖಣದ ಸೈಟಿನದಕ್ಕೆ 'ಕೆ' ಅಂತ ಮುಂದೆ ಸೇರಿಸಿ. ಏಪ್ರಿಲ್ 1ಕ್ಕೆ ಹೊಸ ಸರಣಿ.

ಹಂತ 5: ಬ್ಯಾಕಪ್

ಪ್ರತಿ ರಾತ್ರಿ ತೆಗೆಯಿರಿ, ಒಂದು ಪ್ರತಿ ಬೇರೆ ಸರ್ವರಿನಲ್ಲಿರಲಿ. ಮರಳಿ ಹಾಕುವಾಗ ಮಾತ್ರ ಕೈ ತಡೆಯಿರಿ. ಒಂದೇ ಡೇಟಾಬೇಸ್ ಇದ್ದಾಗ, ಸೀರೆ ಸೈಟು ಕೆಟ್ಟಿತು ಅಂತ ನಿನ್ನೆಯ ಬ್ಯಾಕಪ್ ಹಾಕಿದರೆ ಖಣದ ಸೈಟಿನ ಇವತ್ತಿನ ಆರ್ಡರುಗಳೂ ಅಳಿಸಿಹೋಗುತ್ತವೆ. ದುಡ್ಡು ಬಂದಿರುತ್ತದೆ, ಯಾರಿಗೆ ಏನು ಕಳಿಸಬೇಕು ಅಂತ ಗೊತ್ತಿರುವುದಿಲ್ಲ. ಮೊದಲು ಎರಡೂ ಸೈಟಿನ ಆ ದಿನದ ಆರ್ಡರುಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ, ಪೇಮೆಂಟ್ ಗೇಟ್‌ವೇ ಪಟ್ಟಿಯ ಜತೆ ತಾಳೆ ನೋಡಿ, ಆಮೇಲೆ ಬ್ಯಾಕಪ್ ಹಾಕಿ.