ಹಗರಣದ ಬಗ್ಗೆ ಹಾಕಿದ ಪೋಸ್ಟ್ ಮಾಯವಾದರೆ ಏನು ಮಾಡಬೇಕು?

ನನ್ನ ಗೆಳೆಯನೊಬ್ಬ ತನ್ನ ಊರಿನ ರಸ್ತೆ ಕಾಮಗಾರಿ ಬಗ್ಗೆ ಬರೆದಿದ್ದ. ಡಾಂಬರೇ ಬೀಳದ ರಸ್ತೆಗೆ ಬಿಲ್ ಆಗಿತ್ತು. ಬಿಲ್ಲಿನ ಫೋಟೋ, ಗುಂಡಿ ಬಿದ್ದ ರಸ್ತೆಯ ಫೋಟೋ ಎರಡನ್ನೂ ಪಕ್ಕಪಕ್ಕ ಹಾಕಿದ್ದ. ಮೂರನೇ ದಿನ ಬೆಳಗ್ಗೆ ನೋಡಿದರೆ ನಮ್ಮ ಯಾರ ಫೋನಿನಲ್ಲೂ ಅದು ಇಲ್ಲ. ದುಬೈನಲ್ಲಿರುವ ಅವನ ಅಕ್ಕ ಮಾತ್ರ "ನಂಗೆ ಕಾಣ್ತಿದೆಯಲ್ಲೋ" ಅಂದರು. ಅವನು ಗಾಬರಿ ಬಿದ್ದು ಪೋಸ್ಟನ್ನೇ ಅಳಿಸಿಬಿಟ್ಟ. ಕೈಯಲ್ಲಿದ್ದ ಸಾಕ್ಷಿಯೂ ಅಲ್ಲಿಗೆ ಹೋಯಿತು.

ಹಾಗಾಗಿ ಮೊದಲ ಮಾತು, ಅಳಿಸಬೇಡಿ. ಪೋಸ್ಟಿನ ಲಿಂಕ್, ತಾರೀಕು, ಸೋಷಿಯಲ್ ಮೀಡಿಯಾ ಕಂಪನಿ ತೋರಿಸಿದ ಸಂದೇಶ ಎಲ್ಲವೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಂಪನಿಯಿಂದ ಇಮೇಲ್ ಬಂದಿದ್ದರೆ ಹಾಗೇ ಇಟ್ಟುಕೊಳ್ಳಿ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಫೋಟೋದ ಮೂಲ ಫೈಲ್ ಬೇಕು. ವಾಟ್ಸಾಪ್‌ನಲ್ಲಿ ಓಡಾಡಿದ ಪ್ರತಿಯಲ್ಲಿ ತೆಗೆದ ದಿನ, ಜಾಗದ ವಿವರ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಇನ್ನು ಮುಂದೆ ಇಂಥದ್ದು ಏನೇ ಹಾಕಿದರೂ ಹಾಕಿದ ದಿನವೇ ವೆಬ್ ಪುಟಗಳನ್ನು ಇದ್ದ ಹಾಗೇ ಕಾಪಿಡುವ ವೇಬ್ಯಾಕ್ ಮಷೀನ್ ಅನ್ನುವ ತಾಣದಲ್ಲಿ ಒಂದು ಪ್ರತಿ ಉಳಿಸಿಡಲು ನೋಡಿ.

ಆಮೇಲೆ ತೆಗೆಸಿದ್ದು ಯಾರು ಅಂತ ಪತ್ತೆ ಮಾಡಬೇಕು. ಹೊರದೇಶದಲ್ಲಿ ಇರುವ ಯಾರಿಗಾದರೂ ಲಿಂಕ್ ಕಳಿಸಿ. ಅಲ್ಲೂ ಕಾಣದಿದ್ದರೆ ಬಹುಶಃ ಕಂಪನಿಯೇ ತನ್ನ ನಿಯಮದ ಪ್ರಕಾರ ತೆಗೆದಿದೆ. ಅದಕ್ಕೆ ದಾರಿ ಸರಳ. ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಉತ್ತರ ಸರಿ ಕಾಣದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಅಲ್ಲಿ ಕಾಣುತ್ತೆ, ಇಲ್ಲಿ ಮಾತ್ರ ಇಲ್ಲ ಅಂದರೆ ಸರ್ಕಾರದ್ದೋ ಕೋರ್ಟಿನದ್ದೋ ಆದೇಶ ಇರುವ ಸಾಧ್ಯತೆ ಜಾಸ್ತಿ. ಯಾವ ಕಾನೂನು, ಯಾವ ಸೆಕ್ಷನ್, ಯಾರ ಆದೇಶ ಅಂತ ಕಂಪನಿಗೆ ಬರೆದು ಕೇಳಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ.

ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಪೋಸ್ಟ್ ತಡೆಯಬಹುದು. ಆದರೆ ಅದಕ್ಕೆ ಕಾರಣಗಳು ಗೊತ್ತುಪಡಿಸಿದಷ್ಟೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಶಾಂತಿ, ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಕುಮ್ಮಕ್ಕು. ಮಂತ್ರಿಯ ಮಾನ ಹೋಗುತ್ತೆ ಅನ್ನುವುದು ಆ ಪಟ್ಟಿಯಲ್ಲೇ ಇಲ್ಲ! ನಿಮ್ಮ ಪತ್ರದಲ್ಲಿ ಮೊದಲು ಬರೆಯಬೇಕಾದ ಸಾಲು ಇದೇ. ಈ ಸೆಕ್ಷನ್‌ಗೆಂದೇ ಮಾಡಿದ 2009ರ ನಿಯಮಗಳ ಪ್ರಕಾರ ತುರ್ತು ಸಂದರ್ಭ ಬಿಟ್ಟರೆ ಬರೆದವರಿಗೋ ಕಂಪನಿಗೋ ನೋಟಿಸ್ ಕೊಟ್ಟು, ಉತ್ತರಕ್ಕೆ ಕನಿಷ್ಠ 48 ಗಂಟೆ ಬಿಡಬೇಕು. 2015ರಲ್ಲಿ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಆನ್‌ಲೈನ್‌ನಲ್ಲಿ ಕೆರಳಿಸುವಂತೆ ಬರೆದವರನ್ನು ಶಿಕ್ಷಿಸುತ್ತಿದ್ದ 66ಎ ಸೆಕ್ಷನ್ ರದ್ದು ಮಾಡಿದರೂ 69ಎ ಉಳಿಸಿದ್ದು ಇಂಥ ರಕ್ಷಣೆಗಳು ಇವೆ ಅಂತಲೇ.

ಸರ್ಕಾರಕ್ಕೆ ಇರುವ ಇನ್ನೊಂದು ದಾರಿ ಅದೇ ಕಾಯ್ದೆಯ 79(3)(ಬಿ): ತಿಳಿಸಿದ ಮೇಲೂ ಪೋಸ್ಟ್ ತೆಗೆಯದ ಕಂಪನಿಗೆ ಕಾನೂನಿನ ರಕ್ಷಣೆ ತಪ್ಪುತ್ತೆ. ಗೃಹ ಸಚಿವಾಲಯದ 'ಸಹಯೋಗ' ಪೋರ್ಟಲ್ ಮೂಲಕ ಕಂಪನಿಗಳಿಗೆ ನೋಟಿಸ್ ಹೋಗುವುದು ಇದರಡಿ. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಇದನ್ನು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿ 2025ರ ಸೆಪ್ಟೆಂಬರ್‌ನಲ್ಲಿ ಸೋತಿತು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ, ವಿದೇಶಿ ಕಂಪನಿಗೆ ಇಲ್ಲ ಅಂತ ಕೋರ್ಟ್ ಹೇಳಿತು. 69ಎ ಆದೇಶಗಳನ್ನು ಪ್ರಶ್ನಿಸಿದ ಕೇಸಿನಲ್ಲಿ 2023ರಲ್ಲಿ ಇದೇ ಕಂಪನಿಗೆ ಇದೇ ಹೈಕೋರ್ಟ್ 50 ಲಕ್ಷ ದಂಡ ಹಾಕಿತ್ತು. ನನಗಂತೂ ಇದರಿಂದ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು: ಕಂಪನಿ ನಮ್ಮ ಪರ ಹೋರಾಡಲಿ ಅಂತ ಕಾಯುತ್ತಾ ಕೂರಬಾರದು. ಹಕ್ಕು ನಮ್ಮದು, ಕೇಳಬೇಕಾದವರೂ ನಾವೇ.

ಕೇಳಿದರೆ ಸಿಗುತ್ತಾ? ಸಿಕ್ಕಿದೆ. ವರದಕ್ಷಿಣೆಯನ್ನು ಅಣಕಿಸುವ 'ಡೌರಿ ಕ್ಯಾಲ್ಕುಲೇಟರ್' ಅನ್ನುವ ವೆಬ್‌ಸೈಟನ್ನು ಸರ್ಕಾರ ತಡೆದಾಗ ಅದನ್ನು ಮಾಡಿದವರು ದೆಹಲಿ ಹೈಕೋರ್ಟಿಗೆ ಹೋದರು. ಆದೇಶದ ಪ್ರತಿ ಕೊಡಿ, ಅವರ ಮಾತು ಕೇಳಿ ಅಂತ 2022ರಲ್ಲಿ ಕೋರ್ಟ್ ಹೇಳಿತು. ಪ್ರಧಾನಿ ಬಗ್ಗೆ ವ್ಯಂಗ್ಯಚಿತ್ರ ಬಂದ ಮೇಲೆ ತಮಿಳಿನ ವಿಕಟನ್ ವೆಬ್‌ಸೈಟ್ ಪೂರ್ತಿ ಬಂದ್ ಆಗಿತ್ತು. 2025ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್, ಸದ್ಯಕ್ಕೆ ಆ ಒಂದು ಪುಟ ತೆಗೆದರೆ ಉಳಿದದ್ದನ್ನು ತೆರೆಯಿರಿ ಅಂದಿತು.

ಹಾಗಾಗಿ ಐಟಿ ಸಚಿವಾಲಯಕ್ಕೆ ಆದೇಶದ ಪ್ರತಿ ಕೇಳಿ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಒಂದು ಕಳಿಸಿ. ಆರ್‌ಟಿಐ ಹಾಕಿ, ಆದರೆ ಗೋಪ್ಯತೆಯ ನಿಯಮ ತೋರಿಸಿ ಕೊಡಲ್ಲ ಅನ್ನಬಹುದು. ಆ 'ಇಲ್ಲ' ಅನ್ನುವ ಕಾಗದವನ್ನೂ ಎತ್ತಿಡಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗುವಾಗ ಅದು ಬೇಕಾಗುತ್ತೆ.

ಕೋರ್ಟಿನ ತಡೆಯಾಜ್ಞೆಯಾದರೆ ಕಥೆ ಬೇರೆ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಬೆಂಗಳೂರಿನ ಒಬ್ಬ ಅಭ್ಯರ್ಥಿ ಸಿವಿಲ್ ಕೋರ್ಟಿನಿಂದ ಇಂಥ ಆಜ್ಞೆ ತಂದಿದ್ದರು. ಪತ್ರಿಕೆ, ಚಾನೆಲ್‌ಗಳ ಜೊತೆ ಗೂಗಲ್, ಫೇಸ್‌ಬುಕ್ ಕೂಡ ಆ ಪಟ್ಟಿಯಲ್ಲಿದ್ದವು. ಹೈಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಮಾತು ಕೇಳದೆ ಕೊಟ್ಟ ಆಜ್ಞೆಯಾದರೆ ಅದೇ ಕೋರ್ಟಿಗೆ ಹೋಗಿ ತೆರವು ಮಾಡಿ ಅಂತ ಕೇಳಬಹುದು. ಆದರೆ ತೆರವಾಗುವ ತನಕ ಮತ್ತೆ ಹಾಕಬೇಡಿ, ನ್ಯಾಯಾಂಗ ನಿಂದನೆ ಆಗುತ್ತೆ.

ಬರೆಯುವಾಗಲೂ ಒಂದು ಎಚ್ಚರ ಇರಲಿ. ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಕೇಸೇ. "ಇವನು ಕಳ್ಳ" ಅನ್ನಬೇಡಿ. "ಈ ತಾರೀಕಿಗೆ ಇಷ್ಟು ಬಿಲ್ ಆಗಿದೆ, ರಸ್ತೆ ಹೀಗಿದೆ" ಅಂತ ದಾಖಲೆ ಇಟ್ಟು ಬರೆಯಿರಿ.

ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತ ನೆರವು ಸಿಗುತ್ತೆ. ಹೋಗುವಾಗ ಲಿಂಕ್, ಸ್ಕ್ರೀನ್‌ಶಾಟ್, ಕಂಪನಿಯ ಇಮೇಲ್, ಸಚಿವಾಲಯದ ಉತ್ತರ ನಾಲ್ಕನ್ನೂ ತಾರೀಕಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.